ನಾಲ್ಕನೇ ಮೇಜಿನ ಬಕೆಟ್ಟು

ಜನವರಿ ೬, ಸೋಮವಾರ

ಔಷಧ ಕಂಪನಿಯವರು ಪ್ರತಿ ವರ್ಷ ಪುಕ್ಕಟೆ ಕೊಡುವ ಡೈರಿ ಇದು. ಪುಟದ ಅಡಿಯಲ್ಲಿ ದಿನಕ್ಕೊಂದರಂತೆ ಮಲಬದ್ಧತೆಗೆ ಸಲಹೆ ಅಚ್ಚು ಹಾಕಿಸಿದ್ದಾರೆ. ಇಷ್ಟು ವರ್ಷ ಇದು ಮನೆಗೆ ಬಂದ ಕೂಡಲೇ ಹೆಂಡತಿಯ ಪಾಲಾಗುತ್ತಿತ್ತು. ಈ ವರ್ಷ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ವ್ಯರ್ಥ ಮಾಡುವುದು ನನಗಾಗದ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ. ಬೇರೆ ಕಾರಣ ಇಲ್ಲ.

ಇವತ್ತು ಶುಭ ಸಮಾಚಾರ. ಭಾವಮೈದುನ ಫೋನು ಮಾಡಿದ್ದ. ಅವನ ಹೊಸ ಫ್ಲ್ಯಾಟು ಮುಗಿಯುತ್ತಾ ಬಂದಿದೆಯಂತೆ, ಫೆಬ್ರವರಿಯ ಕೊನೆಗೆ ಬಂದು ತಾಯಿಯನ್ನು ಕರೆದುಕೊಂಡು ಹೋಗುತ್ತಾನಂತೆ. "ಅಕ್ಕನೇ ಹೋದ್ಮೇಲೆ ಅಮ್ಮ ಅಲ್ಲಿ ಯಾವ ಲೆಕ್ಕದಲ್ಲಿ ಇರೋದು ಭಾವ? ನೋಡಿದವ್ರು ಏನಂದಾರು?" ಎಂದ. ಹುಟ್ಟಿದಾಗಿನಿಂದ ಅವನು ಆಡಿದ ಮೊದಲ ಬುದ್ಧಿವಂತ ಮಾತು ಇದು.

ಹೋದ ಏಪ್ರಿಲ್‌ನಿಂದ ಈ ಮನೆಯಲ್ಲಿ ಇಬ್ಬರೇ. ನಾನು, ಮತ್ತು ನನ್ನ ಹೆಂಡತಿಯ ತಾಯಿ. ಮಾವ ತೀರಿಕೊಂಡ ಮೇಲೆ ಮಗಳ ಜೊತೆ ಇರಲೆಂದು ಬಂದವರು. ಈಗ ಮಗಳಿಲ್ಲ. ನನಗೆ ಐವತ್ತೊಂಬತ್ತು, ಅವರಿಗೆ ಎಂಬತ್ತರ ಹತ್ತಿರ. ಟೀವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕುತ್ತಾರೆ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆ, ಒಂದೇ ಚಮಚದಲ್ಲಿ ಉಪ್ಪನ್ನೂ ಸಕ್ಕರೆಯನ್ನೂ ತೆಗೆಯುತ್ತಾರೆ. ಅಂಗರಚನಾಶಾಸ್ತ್ರದ ಪ್ರೊಫೆಸರನಾಗಿ ಹೇಳುವುದಾದರೆ, ಈ ಸಂಬಂಧಕ್ಕೆ ಈಗ ಯಾವ ಕೆಲಸವೂ ಉಳಿದಿಲ್ಲ. ಕೆಲಸವಿಲ್ಲದ್ದನ್ನು ಕೆರೆದು ತೆಗೆಯುವುದೇ ನನ್ನ ಕಸುಬು.

ಡಿಸೆಕ್ಷನ್ ಹಾಲ್‌ನಲ್ಲಿ ಹೊಸ ತಂಡಕ್ಕೆ ಇವತ್ತು ನಾನು ವರ್ಷ ವರ್ಷವೂ ಹೇಳುವ ಮಾತನ್ನೇ ಹೇಳಿದೆ. "ಸ್ನಾಯು ನೋಡಿ, ನರ ನೋಡಿ, ರಕ್ತನಾಳ ನೋಡಿ. ನಡುವೆ ಬೆಳ್ಳಗೆ ಜೇಡರಬಲೆ ಥರ ಅಂಟ್ಕೊಂಡಿರೋದು ಸಂಯೋಜಕ ಅಂಗಾಂಶ. ಅದನ್ನ ಕೆರೆದು ಬಕೆಟ್ಟಿಗೆ ಹಾಕಿ. ಪರೀಕ್ಷೆಗೆ ಬರಲ್ಲ." ಕೊನೆಯ ಮಾತು ಕೇಳಿದ ಮೇಲೆ ಒಬ್ಬರೂ ಅದರತ್ತ ತಿರುಗಿ ನೋಡಲಿಲ್ಲ. ವೈದ್ಯಕೀಯ ಶಿಕ್ಷಣ ನಿಂತಿರುವುದೇ ಈ ತಳಹದಿಯ ಮೇಲೆ.

ಜನವರಿ ೯, ಗುರುವಾರ

ಕೈಗವಸು ಹಾಕಿಕೊಳ್ಳಲು ಆಗಲಿಲ್ಲ. ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳು ಒಳಕ್ಕೆ ಮಡಚಿಕೊಂಡಿವೆ, ನೆಟ್ಟಗಾಗುವುದಿಲ್ಲ. ಕೊನೆಗೆ ಮೂರು ಬೆರಳಿಗೆ ಹಾಕಿಕೊಂಡು, ಉಳಿದ ಎರಡು ರಬ್ಬರ್ ಬೆರಳುಗಳನ್ನು ಜೋತಾಡಲು ಬಿಟ್ಟು ಪಾಠ ಮಾಡಿದೆ. ಹಿಂದಿನ ಸಾಲಿನ ಹುಡುಗಿ ಹಸುವಿನ ಕೆಚ್ಚಲು ಎಂದದ್ದು ಕೇಳಿಸಿತು. ಕೇಳಿಸದವನ ಹಾಗೆ ಇದ್ದೆ.

ಎರಡು ವರ್ಷದ ಕೆಳಗೆ ಅಂಗೈಯಲ್ಲಿ ಒಂದು ಸಣ್ಣ ಗಂಟು ಎದ್ದಿತ್ತು. ನೋವಿರಲಿಲ್ಲ, ಆದ್ದರಿಂದ ಗಂಟೇ ಇಲ್ಲ ಎಂದುಕೊಂಡೆ. ವೈದ್ಯರು ತಮ್ಮ ಮೈಯನ್ನು ನೋಡಿಕೊಳ್ಳುವ ಶಾಸ್ತ್ರೋಕ್ತ ವಿಧಾನ ಇದು. ಅಂಗೈ ಚರ್ಮದ ಕೆಳಗೆ ನಾರಿನ ಒಂದು ಗಟ್ಟಿ ಹಾಳೆ ಇರುತ್ತದೆ. ಲೋಟ ಹಿಡಿದಾಗ ಚರ್ಮ ಸಡಿಲ ಕಾಲುಚೀಲದಂತೆ ಸುತ್ತಿಕೊಳ್ಳದ ಹಾಗೆ ಹಿಡಿದಿಡುವುದು ಅದರ ಕೆಲಸ. ನನ್ನ ಕೈಯಲ್ಲಿ ಆ ಹಾಳೆ ತನ್ನಷ್ಟಕ್ಕೆ ತಾನು ದಪ್ಪಗಾಗಿ, ಹಗ್ಗದಂತೆ ಹೊಸೆದುಕೊಂಡು, ಬೆರಳುಗಳನ್ನು ಎಳೆಯುತ್ತಿದೆ. ಯಾವುದೋ ಕಾಲದ ಸರ್ಜನ್ನನ ಹೆಸರು ಹೊತ್ತ ಕಾಯಿಲೆ. ಯಾಕೆ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಅಂದರೆ ಇಷ್ಟು ವರ್ಷ ಯಾವುದನ್ನು ಕೆರೆದು ಬಕೆಟ್ಟಿಗೆ ಹಾಕಿದೆನೋ ಅದೇ ನನ್ನ ಕೈಯನ್ನು ಮುಚ್ಚುತ್ತಿದೆ. ಇದರಲ್ಲಿ ಯಾವ ನೀತಿಯೂ ಇಲ್ಲ. ನೀತಿ ಹುಡುಕುವವರು ಕಲಾ ವಿಭಾಗಕ್ಕೆ ಹೋಗಲಿ.

ಬೆಳಿಗ್ಗೆ ಮುಖ ತೊಳೆಯುವಾಗ ನನ್ನ ಕಿರುಬೆರಳೇ ನನ್ನ ಕಣ್ಣಿಗೆ ತಿವಿಯಿತು.

ಜನವರಿ ೧೨, ಭಾನುವಾರ

ಸಿಕ್ಕಿಬಿದ್ದೆ.

"ಅದೇನು ಅಳಿಯಂದ್ರೇ, ಎರಡು ಬೆರಳು ಮಡಚ್ಕೊಂಡೇ ಊಟ ಮಾಡ್ತೀರಿ? ಉಳಿದಿರೋದು ಮೂರೇ ಅಂತ ಯಾರಿಗಾದ್ರೂ ಲೆಕ್ಕ ತೋರಿಸ್ತಿದೀರಾ?" ಎಂದರು ಅತ್ತೆ.

"ಏನಿಲ್ಲ. ಅಭ್ಯಾಸ."

"ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಡಿ ನೋಡೋಣ."

ಇಟ್ಟೆ. ಯಾಕಿಟ್ಟೆನೋ ಗೊತ್ತಿಲ್ಲ. ಕೈ ಮೇಜಿಗೆ ಕೂರದೆ ಗುಡಿಸಲಿನ ಹಾಗೆ ನಿಂತಿತು. ಅತ್ತೆ ಒಂದು ಚಮಚ ತೆಗೆದುಕೊಂಡು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆಯಿಂದ ಹೊರಗೆಳೆದರು.

"ಚಮಚ ಆರಾಮಾಗಿ ಹೋಗಿ ಬಂತು. ಬೆಕ್ಕು ಬೇಕಾದ್ರೂ ದಾಟುತ್ತೆ."

"ನಾನೇ ಡಾಕ್ಟರು ಅತ್ತೆ. ನನಗೆ ಗೊತ್ತು."

"ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿದೆ. ಔಷಧಿನೂ ಬೇಡ್ವಾ?"

ಮೇಜಿನ ಮೇಲೆ ಅಂಗೈ ಊರುವ ಪರೀಕ್ಷೆಯನ್ನು ನಾವೂ ತರಗತಿಯಲ್ಲಿ ಹೇಳಿಕೊಡುತ್ತೇವೆ, ಚಮಚವಿಲ್ಲದೆ. ಬೆರಳು ತೋರಿಸಿದರೆ ಹಸ್ತ ನುಂಗುವ ಹೆಂಗಸು ಎಂದು ಗೊತ್ತಿದ್ದೂ ಬೆರಳು ತೋರಿಸಿದ್ದು ನನ್ನದೇ ತಪ್ಪು. ಫೆಬ್ರವರಿ ಕೊನೆ ಬೇಗ ಬರಲಿ.

ಜನವರಿ ೨೧, ಮಂಗಳವಾರ

ನಮ್ಮ ವಿಭಾಗಕ್ಕೆ ಹೊಸದಾಗಿ ಒಬ್ಬರು ಮೇಡಂ ಬಂದಿದ್ದಾರೆ. ಮೂವತ್ತೆರಡು ವರ್ಷ, ಓಡುವ ಬೂಟು, ಸಂಯೋಜಕ ಅಂಗಾಂಶದಲ್ಲೇ ಪಿಎಚ್.ಡಿ. ಕಸದ ಮೇಲೂ ಪಿಎಚ್.ಡಿ. ಕೊಡುವ ಕಾಲ ಬಂದಿದೆ. ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ, ಬರೀ ತಪ್ಪು ಹಿಡಿಯಲು.

"ಬೇರೆ ಅಂಗಾಂಶಗಳಲ್ಲಿ ಜೀವಕೋಶಗಳು ಒತ್ತೊತ್ತಾಗಿ ಕೂತಿರ್ತವೆ, ಕೆಲಸ ಮಾಡೋದೂ ಅವೇ" ಎಂದರು. "ಇದರಲ್ಲಿ ಹಾಗಲ್ಲ. ಜೀವಕೋಶ ಅಲ್ಲೊಂದು ಇಲ್ಲೊಂದು. ಅವು ಸುತ್ತಲೂ ನಾರು ಹೆಣೆದು, ಲೋಳೆ ತುಂಬಿ, ಸುಮ್ಮನೆ ಕೂತ್ಬಿಡ್ತವೆ. ಭಾರ ಹೊರೋದು, ಎಳೆತ ತಡೆಯೋದು, ಪಕ್ಕದವರ ಜೊತೆ ಉಜ್ಜದ ಹಾಗೆ ಜಾರಿಸೋದು, ಗಾಯ ಆದರೆ ಹೊಲಿಯೋದು, ಎಲ್ಲಾ ಆ ನಡುವಿನ ಜಾಗದ್ದು. ಮೂಳೆ, ಮೃದ್ವಸ್ಥಿ, ರಕ್ತ, ಕೊಬ್ಬು, ಸ್ನಾಯುರಜ್ಜು, ಎಲ್ಲ ಇದೇ ಮನೆತನ."

ಒಬ್ಬ ಕೈಯೆತ್ತಿದ. "ಮೇಡಂ, ಪ್ರೊಫೆಸರ್ ಇದು ಪರೀಕ್ಷೆಗೆ ಬರಲ್ಲ ಅಂದಿದಾರೆ."

ಅವರು ಹಿಂದಿನ ಬೆಂಚಿನ ಕಡೆ ನೋಡಿ ನಕ್ಕರು. "ಪರೀಕ್ಷೆಗೆ ಬರಲ್ಲ. ಮೈಗೆ ಬರುತ್ತೆ."

ಎಲ್ಲರೂ ನಕ್ಕರು. ನನ್ನ ಬಲಗೈ ಜೇಬಿನಲ್ಲಿತ್ತು. ಜೇಬಿನಿಂದ ತೆಗೆಯಲು ಹೋದರೆ ಬೆರಳು ಸಿಕ್ಕಿಕೊಂಡು ಜೇಬೇ ಹೊರಗೆ ಬರುತ್ತದೆ, ಆದ್ದರಿಂದ ತರಗತಿ ಮುಗಿಯುವ ತನಕ ಅಲ್ಲೇ ಇಟ್ಟಿದ್ದೆ. ಪಾಠದಲ್ಲಿ ತಪ್ಪು ಸಿಗಲಿಲ್ಲ. ಬೂಟು ಮಾತ್ರ ಹಾಲ್‌ಗೆ ಯೋಗ್ಯವಲ್ಲ.

ಜನವರಿ ೨೮, ಮಂಗಳವಾರ

ಕೈ ಸರ್ಜನ್ನನ ಹತ್ತಿರ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿ. ಹಾಲ್‌ನಲ್ಲಿ ಮೊದಲ ದಿನವೇ ಮೂರ್ಛೆ ಹೋಗಿ ಎರಡನೇ ಮೇಜಿನ ಕೆಳಗೆ ಬಿದ್ದವನು. ಈಗ ಅವನ ಕೋಣೆಯ ಹೊರಗೆ ಜನ ಟೋಕನ್ ಹಿಡಿದು ಕಾಯುತ್ತಾರೆ. ದೇಶ ಎಲ್ಲಿಗೆ ಬಂತು ನೋಡಿ.

ನನ್ನ ಅಂಗೈ ಒತ್ತಿ ನೋಡಿ, "ಹಗ್ಗ ಚೆನ್ನಾಗಿ ಬೆಳೆದಿದೆ ಸರ್" ಎಂದ, ತೋಟಗಾರನ ಹಾಗೆ. ಅಂಗೈ ತೆರೆದು ಅದನ್ನು ತೆಗೆಯಬೇಕಂತೆ. ಎರಡು ವಾರ ಹೊಲಿಗೆ, ಆಮೇಲೆ ಬೆರಳನ್ನು ನೆಟ್ಟಗಿಡುವ ಅಚ್ಚುಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ವ್ಯಾಯಾಮ. "ತೆಗೆದರೂ ಮತ್ತೆ ಬರಬಹುದು ಸರ್. ಅದರ ಸ್ವಭಾವವೇ ಹಾಗೆ."

"ಮನೇಲಿ ನೋಡ್ಕೊಳ್ಳೋಕೆ ಯಾರಿದಾರೆ?" ಎಂದು ಕೇಳಿದ.

"ಹೆಂಡತಿಯ ತಾಯಿ."

"ಓ, ಅತ್ತೆಯವ್ರು."

"ಹೆಂಡತಿಯ ತಾಯಿ" ಎಂದೆ. ಯಾವುದಕ್ಕೆ ಯಾವುದು ಅಂಟಿದೆ ಎಂಬುದನ್ನು ಸರಿಯಾಗಿ ಹೇಳಬೇಕು. ಇಲ್ಲದಿದ್ದರೆ ಅಂಗರಚನಾಶಾಸ್ತ್ರ ಯಾಕೆ?

ಶಸ್ತ್ರಚಿಕಿತ್ಸೆಯನ್ನು ಮಾರ್ಚ್ ನಾಲ್ಕಕ್ಕೆ ಇಡಿಸಿದೆ. ಅಷ್ಟರಲ್ಲಿ ಅವರು ಮಗನ ಮನೆ ಸೇರಿರುತ್ತಾರೆ. ಉಪದೇಶವಿಲ್ಲದೆ, ಚಮಚವಿಲ್ಲದೆ, ಗದ್ದಲವಿಲ್ಲದೆ ಒಬ್ಬನೇ ಮುಗಿಸಿಕೊಂಡು ಬರುತ್ತೇನೆ.

ಫೆಬ್ರವರಿ ೩, ಸೋಮವಾರ

ಅತ್ತೆಗೆ ಕೆಮ್ಮು. ಮಗನಿಗೆ ಫೋನು ಮಾಡಿದೆ, ಮೀಟಿಂಗಿನಲ್ಲಿದ್ದ. ಸಂಜೆ ಮಾಡಿದೆ, ಆಗಲೂ ಮೀಟಿಂಗು. ಕೆಮ್ಮು ಫ್ಲ್ಯಾಟಿಗೆ ಬಂದ ಮೇಲೂ ಹೀಗೇ ಮೀಟಿಂಗು ಇರುತ್ತದೋ ಏನೋ. ನನಗೇನು.

ಫೆಬ್ರವರಿ ೯, ಭಾನುವಾರ

ಭಾವಮೈದುನ ಸಾಮಾನು ನೋಡಿಕೊಂಡು ಹೋಗಲು ಬಂದಿದ್ದ. ಮೊಬೈಲಿನಲ್ಲಿ ಅಮ್ಮನ ಕೋಣೆಯ ಫೋಟೋ ತೋರಿಸಿದ. ಲಿಫ್ಟಿನ ಪಕ್ಕದ ಕೋಣೆ. ಕಿಟಕಿ ಇದೆ, ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಗೋಡೆಯ ಮೇಲೆ ಯಾರದೋ ಏಸಿ ಯಂತ್ರ.

"ಇದರಿಂದ ಏನ್ ಕಾಣುತ್ತಪ್ಪ?" ಎಂದೆ.

"ಅಮ್ಮ ಹೊರಗೆ ನೋಡಿ ಏನಾಗ್ಬೇಕು ಭಾವ? ಟೀವಿ ಹಾಕಿಸಿದೀನಿ. ಹೆಡ್‌ಫೋನ್ ಕೊಡಿಸ್ತೀನಿ, ಮಕ್ಕಳ ಓದಿಗೆ ತೊಂದ್ರೆ ಆಗ್ಬಾರ್ದಲ್ಲ."

ಅಮ್ಮನ ಕುರ್ಚಿ ಬೇಡವಂತೆ. ಹೊಸ ಸೋಫಾದ ಬಣ್ಣಕ್ಕೆ ಹೊಂದುವುದಿಲ್ಲವಂತೆ. ಅತ್ತೆ ಆ ಕುರ್ಚಿಯಲ್ಲೇ ಕುಳಿತಿದ್ದರು, ನಾವು ಬೇರೆ ಯಾರ ವಿಷಯವೋ ಮಾತಾಡುತ್ತಿದ್ದೇವೆ ಎನ್ನುವ ಹಾಗೆ. ನಾನು ಸ್ವಲ್ಪ ಬಿರುಸಾಗಿಯೇ ಹೇಳಿದೆ, ಅದು ಒಳ್ಳೆಯ ಮರದ ಕುರ್ಚಿ, ಬೆನ್ನಿಗೆ ಸರಿಯಾದ ಓರೆ ಇದೆ, ಸೋಫಾದಲ್ಲಿ ಕುಳಿತರೆ ಈ ವಯಸ್ಸಿಗೆ ಏಳುವುದಕ್ಕೆ ಕ್ರೇನು ತರಿಸಬೇಕು ಎಂದು. ಭಾವಮೈದುನ ಪೆಚ್ಚಾದ. ಇದು ಪೀಠೋಪಕರಣದ ವಿಷಯ ಅಷ್ಟೇ. ನನಗೆ ಕೆಟ್ಟ ಸೋಫಾಗಳನ್ನು ಕಂಡರೆ ಆಗುವುದಿಲ್ಲ.

ಫೆಬ್ರವರಿ ೧೩, ಗುರುವಾರ

ನಾಲ್ಕನೇ ಮೇಜಿನ ಕೈ ಮುಗಿಯಿತು. ಕಾಲೇಜಿನ ಹೊಸ ಮ್ಯೂಸಿಯಂಗೆ ನಾನು ಸಿದ್ಧಪಡಿಸುತ್ತಿದ್ದ ಮಾದರಿ ಇದು. ನಿಜವಾದ ಕೈ, ಮೊಣಕೈಯಿಂದ ಬೆರಳ ತುದಿಯ ತನಕ. ಗಡಸಾಗದ ಹಾಗೆ ಹೊಸ ದ್ರವದಲ್ಲಿಟ್ಟದ್ದು. ಬೆರಳಿಗೆ ಹೋಗುವ ಸ್ನಾಯುರಜ್ಜುಗಳು, ಅಂದರೆ ಸ್ನಾಯು ಬೆರಳನ್ನು ಎಳೆಯುವ ಬಿಳಿ ಹುರಿಗಳು, ಮುಂಗೈಯಿಂದ ತುದಿಯವರೆಗೆ ಎಲ್ಲಿಯೂ ಮರೆಯಾಗದೆ ಕಾಣಬೇಕೆಂದು ನಾನು ಹಟ ಹಿಡಿದೆ. ಬೆರಳುಗಳ ಉದ್ದಕ್ಕೂ ಆ ಹುರಿಗಳನ್ನು ಮೂಳೆಗೆ ಒತ್ತಿ ಹಿಡಿಯುವ ಉಂಗುರದಂಥ ಪಟ್ಟಿಗಳಿರುತ್ತವೆ, ಮಣಿಕಟ್ಟಿನಲ್ಲೊಂದು ಅಗಲವಾದ ಪಟ್ಟಿ. ನೋಟಕ್ಕೆ ಅಡ್ಡ. ಎಲ್ಲವನ್ನೂ ತೆಗೆದೆ.

"ಸರ್, ಪಟ್ಟಿಗಳನ್ನ ಬಿಟ್ಟಿದ್ರೆ ಚೆನ್ನಾಗಿತ್ತೇನೋ" ಎಂದರು ಹೊಸ ಮೇಡಂ.

"ಇದು ನೋಡೋ ಕೈ ಮೇಡಂ. ಅಡುಗೆ ಮಾಡೋ ಕೈ ಅಲ್ಲ."

ಮನೆಗೆ ಬಂದಾಗ ಅತ್ತೆ ಕಿತ್ತಳೆ ಸುಲಿಯುತ್ತಿದ್ದರು. ಈಚೆಗೆ ಕೇಳದೆಯೇ ನನಗೂ ಸುಲಿದು, ಬಿಳಿ ನಾರನ್ನೆಲ್ಲ ತೆಗೆದು ಇಡುತ್ತಾರೆ. ನಾನೂ ಇಡೀ ದಿನ ಇದೇ ಕೆಲಸ ಮಾಡಿದೆ ಎಂದೆ. "ತೆಗೆದ ನಾರನ್ನ ಏನ್ಮಾಡ್ತೀರಿ? ತಿಪ್ಪೆಗಾ?" ಎಂದು ಕೇಳಿದರು.

ಹಾಲ್‌ನ ಪದ್ಧತಿ ಹೇಳಿದೆ. ಪ್ರತಿ ಮೇಜಿನ ಕೆಳಗೆ ಮುಚ್ಚಳದ ಒಂದು ಬಕೆಟ್ಟು, ಅದರ ಮೇಲೆ ಮೇಜಿನ ಸಂಖ್ಯೆ. ಆ ಮೇಜಿನ ದೇಹದಿಂದ ಏನು ತೆಗೆದರೂ, ಎಳೆ ನಾರಿರಲಿ ಚೂರು ಕೊಬ್ಬಿರಲಿ, ಅದೇ ಬಕೆಟ್ಟಿಗೆ ಹೋಗಬೇಕು. ಬೇರೆ ಮೇಜಿನದಕ್ಕೆ ಹಾಕುವಂತಿಲ್ಲ. ಕೊನೆಗೆ ದೇಹವನ್ನು ಕಳಿಸುವಾಗ ಬಕೆಟ್ಟೂ ಅದರ ಜೊತೆಗೇ ಹೋಗುತ್ತದೆ. ಯಾವ ಪ್ರಿನ್ಸಿಪಾಲರು ಮಾಡಿದ ನಿಯಮವೋ, ಕಸಕ್ಕೂ ಮರ್ಯಾದೆ.

ಅತ್ತೆ ಸ್ವಲ್ಪ ಹೊತ್ತು ತೊಳೆ ಬಿಡಿಸಿದರು. "ಪರವಾಗಿಲ್ಲ, ಹೆಣ ಕುಯ್ಯೋರಿಗೂ ಒಂದು ಕ್ರಮ ಇದೆ" ಎಂದರು.

ಫೆಬ್ರವರಿ ೧೭, ಸೋಮವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ.

ಮ್ಯೂಸಿಯಂ ಉದ್ಘಾಟನೆ. ಮುಖ್ಯ ಅತಿಥಿ ಗಾಜಿನ ಕಪಾಟುಗಳನ್ನು ದಾನ ಮಾಡಿದ ಸಿಮೆಂಟು ವ್ಯಾಪಾರಿ. ಪ್ರಿನ್ಸಿಪಾಲರು, ಇನ್ನೂರು ವಿದ್ಯಾರ್ಥಿಗಳು, ಒಬ್ಬ ಫೋಟೋದವನು. ಅತಿಥಿ ನನಗೆ ಹಸ್ತಲಾಘವ ಕೊಟ್ಟಾಗ ನನ್ನ ಮಡಚಿದ ಬೆರಳು ಅವರ ಅಂಗೈಗೆ ಕಚಗುಳಿ ಇಟ್ಟಿತು. ಅವರು ನಕ್ಕು, ಇದೇನೋ ಗುಟ್ಟಿನ ಸಂಕೇತವಿರಬೇಕೆಂದು ನನಗೆ ಕಣ್ಣು ಹೊಡೆದರು. ಅಲ್ಲಿಂದಲೇ ದಿನ ಕೆಟ್ಟಿತು.

ನಾಲ್ಕನೇ ಮೇಜಿನ ಕೈಯ ಮುಂದೆ ಎಲ್ಲರೂ ನಿಂತರು. ನಿಜಕ್ಕೂ ಚೆಂದವಿತ್ತು. ಒಂದು ಎಳೆ ಕೊಳೆಯಿಲ್ಲ, ಒಂದೊಂದು ಹುರಿಯೂ ವೀಣೆಯ ತಂತಿಯ ಹಾಗೆ. "ಅದ್ಭುತ. ಇದನ್ನೆಳೆದರೆ ಬೆರಳು ಬಗ್ಗುತ್ತಾ?" ಎಂದರು ಅತಿಥಿ. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು "ಖಂಡಿತ" ಎಂದುಬಿಟ್ಟರು. ಗೊತ್ತಿಲ್ಲದ್ದಕ್ಕೆಲ್ಲ ಅವರ ಉತ್ತರ ಅದೇ.

ಅತಿಥಿ ಮುಂಗೈಯ ಹುರಿ ಹಿಡಿದು ಎಳೆದರು. ಬೆರಳು ಬಗ್ಗಲಿಲ್ಲ. ಹುರಿ ಮಣಿಕಟ್ಟಿನಿಂದ ತುದಿಯ ತನಕ ಕೈಯನ್ನು ಬಿಟ್ಟು ಮೇಲಕ್ಕೆದ್ದಿತು, ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಇನ್ನಷ್ಟು ಎಳೆದರು. ಇನ್ನಷ್ಟು ಎದ್ದಿತು. ಬೆರಳು ಒಂದಿಷ್ಟು ನಡುಗಿ ಸುಮ್ಮನಾಯಿತು. ಕಪಾಟಿನ ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇನ್ನೂರು ಜನವೂ ನಕ್ಕರು. ಸಿಮೆಂಟು ವ್ಯಾಪಾರಿ ಹುರಿ ಬಿಟ್ಟು ಕೈ ಒರೆಸಿಕೊಂಡರು. "ಇದು ಕೆಟ್ಟಿದೆ" ಎಂದರು.

ಹಿಡಿದಿಡುವ ಪಟ್ಟಿ ಇಲ್ಲದಿದ್ದರೆ ಎಳೆತವೆಲ್ಲ ಗಾಳಿಗೆ ಹೋಗುತ್ತದೆ. ಇದನ್ನು ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುವವನೇ ನಾನು. ಗೊತ್ತಿದ್ದೂ ತೆಗೆದೆ, ಚೆಂದ ಕಾಣಲಿ ಎಂದು. ಇಂಥ ತಪ್ಪನ್ನು ದಡ್ಡ ಮಾಡಲಾರ, ಅದಕ್ಕೆ ನನ್ನಷ್ಟು ಓದಿರಬೇಕು.

ಮನೆಯಲ್ಲಿ ಅತ್ತೆಗೆ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅವಳಿರ್ಬೇಕಿತ್ತು. ಎಷ್ಟು ನಗೋಳು" ಎಂದರು. ಈ ಮನೆಯಲ್ಲಿ ಅವಳ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದ ಮೇಲೆ ಏನೂ ಆಗಲಿಲ್ಲ, ಛಾವಣಿ ಕುಸಿಯಲಿಲ್ಲ. ನನಗೂ ನಗು ಬಂತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ನನಗೆ ಮೀಸೆಯೂ ಇಲ್ಲ.

ಫೆಬ್ರವರಿ ೧೯, ಬುಧವಾರ

ಹೊಸ ಮೇಡಂ ಹಾಲ್‌ನಲ್ಲಿ ಕಾಯುತ್ತಿದ್ದರು. "ಸರ್, ತೆಗೆದ ಪಟ್ಟಿಗಳು ಎಲ್ಲಿವೆ?"

ಎಲ್ಲಿರುತ್ತವೆ? ನಾಲ್ಕನೇ ಮೇಜಿನ ಬಕೆಟ್ಟಿನಲ್ಲಿ. ನಿಯಮ ನಿಯಮವೇ.

ಇಬ್ಬರೂ ನೆಲದ ಮೇಲೆ ಕುಳಿತು ಬಕೆಟ್ಟನ್ನು ತಟ್ಟೆಗೆ ಬಗ್ಗಿಸಿ ಹುಡುಕಿದೆವು. ವಿಭಾಗದ ಮುಖ್ಯಸ್ಥ ಕಸ ಕೆದಕುತ್ತಿರುವುದನ್ನು ನೋಡಲು ಬಾಗಿಲಲ್ಲಿ ವಿದ್ಯಾರ್ಥಿಗಳ ಸಂತೆ. ಕೆದಕುವುದಕ್ಕೆ ನನ್ನ ಮಡಚಿದ ಬೆರಳು ಬಹಳ ಅನುಕೂಲ, ಹುಟ್ಟಾ ಕೊಕ್ಕೆ. ಮಣಿಕಟ್ಟಿನ ಪಟ್ಟಿ ಇಡಿಯಾಗಿ ಸಿಕ್ಕಿತು. ಬೆರಳಿನ ಉಂಗುರಗಳಲ್ಲಿ ಮೂರು ಸಿಕ್ಕವು. ಮೇಡಂ ಸೂಜಿ ಹಿಡಿದು ಹೊಲಿದರು, ನಾನು ಎಲ್ಲೆಲ್ಲಿ ಎಂದು ತೋರಿಸಿದೆ. ಹೊಲಿಗೆ ಒರಟಾಗಿದೆ, ದಾರ ಕಾಣುತ್ತದೆ, ಮೊದಲಿನ ಅಂದದಲ್ಲಿ ಅರ್ಧವೂ ಇಲ್ಲ.

ಹುರಿ ಎಳೆದೆ. ತೋರುಬೆರಳು ಮೆಲ್ಲಗೆ ಬಗ್ಗಿತು, ಯಾರನ್ನೋ ಹತ್ತಿರ ಕರೆಯುವ ಹಾಗೆ. ಆ ಬೂಟು ಅಷ್ಟೇನೂ ಕೆಟ್ಟದ್ದಲ್ಲ, ನೆಲದ ಮೇಲೆ ಕೂತು ಏಳಲು ಅನುಕೂಲ.

ಫೆಬ್ರವರಿ ೨೩, ಭಾನುವಾರ

ಭಾವಮೈದುನ ಬೆಳಿಗ್ಗೆಯೇ ಬಂದ, ಬಾಡಿಗೆ ವ್ಯಾನು ತಂದಿದ್ದ. ಒಂದು ಟ್ರಂಕು, ಎರಡು ಚೀಲ. ಅತ್ತೆ ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದರು. ಕುರ್ಚಿ ಇಲ್ಲೇ ಉಳಿಯುತ್ತದೆ. ಟೀವಿ ಆಫ್ ಆಗಿತ್ತು. ಮನೆ ನನಗೆ ಬೇಕಾದ ಹಾಗೆ ಇತ್ತು, ಸದ್ದಿಲ್ಲದೆ, ಚೊಕ್ಕಟವಾಗಿ.

"ಹೊರಡೋಣ್ವಾ ಅಮ್ಮ? ಆಮೇಲೆ ಟ್ರಾಫಿಕ್ ಆಗುತ್ತೆ" ಎಂದ.

ನಾನು ಒಂದು ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದೆ. ಆರೋಗ್ಯ ನೋಡ್ಕೊಳ್ಳಿ ಅತ್ತೆ, ಬರ್ತಾ ಇರಿ. ಸಭ್ಯವಾದ, ತೂಕದ ವಾಕ್ಯ. ಬಾಯಿ ತೆರೆದರೆ ಬೇರೆಯೇ ಬಂತು.

"ನಮ್ಮ ಹಾಲ್‌ನಲ್ಲಿ ಒಂದು ನಿಯಮ ಇದೆ" ಎಂದೆ.

ಭಾವಮೈದುನ ಗಡಿಯಾರ ನೋಡಿಕೊಂಡ. "ಏನ್ ಭಾವ?"

"ಯಾವ ಮೇಜಿನಿಂದ ತೆಗೆದಿದ್ದೋ ಅದು ಆ ಮೇಜಿನ ಬಕೆಟ್ಟಲ್ಲೇ ಇರ್ಬೇಕು. ಇನ್ನೊಂದು ಮೇಜಿನ ಬಕೆಟ್ಟಿಗೆ ಹಾಕೋ ಹಾಗಿಲ್ಲ. ಮೇಜಿನ ಮೇಲೆ ಏನೂ ಉಳಿದಿಲ್ಲ ಅಂದ್ರೂ ಹಾಕೋ ಹಾಗಿಲ್ಲ."

"ಏನ್ ಭಾವ ಇದು? ಅಮ್ಮ ಹೊರಡೋ ಹೊತ್ತಲ್ಲಿ ಹೆಣ, ಬಕೆಟ್ಟು."

"ನಿನ್ನ ಅಕ್ಕನ ಮೇಜು ಇದು" ಎಂದೆ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ಹೆಣ ಕೆಡದಂತಿಡುವ ಫಾರ್ಮಲಿನ್‌ನ ಘಾಟು ತಿಂದ ಕಣ್ಣು, ಆಗಾಗ ಹೀಗಾಗುತ್ತದೆ.

ಭಾವಮೈದುನ ಏನೋ ಹೇಳಲು ಹೊರಟ. ಅತ್ತೆ ಮೊದಲು ನನ್ನನ್ನು ನೋಡಿದರು, ಆಮೇಲೆ ಅವನನ್ನು.

"ಸುಮ್ನಿರೋ. ಇರಿ ಅನ್ನೋ ಒಂದು ಮಾತು ಇವ್ರ ಬಾಯಲ್ಲಿ ಬರಲ್ಲ. ಅದಕ್ಕೆ ಕಾಲೇಜಿಂದ ಬಕೆಟ್ ಹೊತ್ಕೊಂಡು ಬಂದಿದಾರೆ."

ನಾನು ನೆಲ ನೋಡಿದೆ.

"ನೀನು ಕರ್ಕೊಂಡೋಗ್ತೀನಿ ಅಂದೆ. ಇವ್ರು ಕಳಿಸ್ತೀನಿ ಅಂದ್ರು. ಫೋನಲ್ಲೇ ಎಲ್ಲಾ ಗೊತ್ತು ಮಾಡ್ಕೊಂಡ್ರಿ. ಅಮ್ಮ ನೀನೆಲ್ಲಿರ್ತೀಯ ಅಂತ ಬಾಯಿ ಬಿಟ್ಟು ಕೇಳಿದವ್ರು ಒಬ್ರಾದ್ರೂ ಇದೀರಾ? ಕುರ್ಚಿ ವಿಷಯಕ್ಕಾದ್ರೂ ಅರ್ಧ ಗಂಟೆ ಜಗಳ ಆಯ್ತು. ನನ್ನ ವಿಷಯಕ್ಕೆ ಅದೂ ಇಲ್ಲ."

ಭಾವಮೈದುನನ ಕಿವಿ ಕೆಂಪಾಯಿತು. ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತ. "ಎಲ್ಲಿರ್ತೀಯ ಅಮ್ಮ?" ಎಂದ. ಪಾಪ, ಕೆಟ್ಟವನಲ್ಲ. ಸೋಫಾದ ಆಯ್ಕೆ ಮಾತ್ರ ಕೆಟ್ಟದ್ದು.

"ನನ್ನ ಮಗಳ ಮನೇಲಿ" ಎಂದರು ಅತ್ತೆ. ಅವನ ತಲೆ ಸವರಿದರು. "ಬೇಸಿಗೆ ರಜಕ್ಕೆ ಬಂದು ನಿನ್ನ ಮಕ್ಕಳ ಓದು ಕೆಡಿಸ್ತೀನಿ, ಹೆಡ್‌ಫೋನು ತೆಗೆದಿಡು. ಇಲ್ಲೇನು ಸುಖ ಅಂದ್ಕೊಬೇಡ. ಇವ್ರೂ ಇಲ್ಲೇ ಇರ್ತಾರಲ್ಲ, ಸಹಿಸ್ಕೋಬೇಕು."

ಟ್ರಂಕನ್ನು ವ್ಯಾನಿನಿಂದ ನಾನೇ ಇಳಿಸಿದೆ. ಮಡಚಿದ ಎರಡು ಬೆರಳು ಹಿಡಿಕೆಗೆ ಸರಿಯಾಗಿ ಸಿಕ್ಕಿಕೊಂಡವು, ಬಿಡಿಸಿಕೊಳ್ಳಲು ಭಾವಮೈದುನನ ಸಹಾಯ ಬೇಕಾಯಿತು.

ಸಂಜೆ ಟೀವಿ ಶುರುವಾಯಿತು. ಸೌಂಡು ಕಡಿಮೆ ಮಾಡಿ ಎಂದೆ. ಮಾಡಲಿಲ್ಲ. ಶಸ್ತ್ರಚಿಕಿತ್ಸೆಯ ತಾರೀಖು ಹೇಳಿದೆ. "ನಾನು ಹೋದ್ಮೇಲೆ ಕಳ್ಳನ ಹಾಗೆ ಮಾಡಿಸ್ಕೊಳ್ಳೋಣ ಅಂತಿದ್ರಾ?" ಎಂದರು. ಸೌಂಡು ಇನ್ನೂ ಹೆಚ್ಚು ಮಾಡಿದರು.

ಮಾರ್ಚ್ ೬, ಗುರುವಾರ

ಎಡಗೈ ಬರಹ. ಆಪರೇಷನ್ ಆಯಿತು. ಬಲಗೈ ಬಟ್ಟೆಯ ಉಂಡೆ.

ಪ್ರಶ್ನೆಪತ್ರಿಕೆ ತಯಾರಿಸಬೇಕಿತ್ತು. ಮೊದಲ ಪ್ರಶ್ನೆ: ಸಂಯೋಜಕ ಅಂಗಾಂಶದ ರಚನೆ ಮತ್ತು ಕಾರ್ಯ ವಿವರಿಸಿ. ಹತ್ತು ಅಂಕ. ವಿದ್ಯಾರ್ಥಿಗಳು ಅಳುತ್ತಾರೆ. ಅಳಲಿ.

ಅಂಗಿಯ ಗುಂಡಿ ಹಾಕುವಾಗ ಅತ್ತೆ ಒಂದು ಮನೆ ತಪ್ಪಿಸಿದರು. ಹಾಗೇ ಇದ್ದೇನೆ.

ಮಾರ್ಚ್ ೧೯, ಬುಧವಾರ

ಹೊಲಿಗೆ ಬಿಚ್ಚಿದರು. ಅತ್ತೆ ಜೊತೆಗೆ ಬಂದಿದ್ದರು, ಬೇಡವೆಂದರೂ. ಕಾಯುವ ಜಾಗದಲ್ಲಿ ಮೂವರು ರೋಗಿಗಳ ಮನೆತನದ ಇತಿಹಾಸ ತಿಳಿದುಕೊಂಡು, ನನ್ನ ಮ್ಯೂಸಿಯಂ ಕಥೆಯನ್ನು ಅವರಿಗೆ ಅಭಿನಯ ಸಮೇತ ಹೇಳಿದರು. ಎಲ್ಲರೂ ನನ್ನನ್ನು ನೋಡಿ ನಕ್ಕರು. ಒಬ್ಬರು ನನಗೆ ಜಾಗ ಬಿಟ್ಟುಕೊಟ್ಟರು.

ನರ್ಸು ಅವರನ್ನು ಕೇಳಿದಳು. "ಇವ್ರು ನಿಮ್ಗೆ ಏನಾಗ್ಬೇಕು ಅಜ್ಜಿ? ಅಳಿಯನಾ?"

ನಾನು ಉತ್ತರ ಹೇಳಲು ಹೊರಟೆ. ಯಾವುದಕ್ಕೆ ಯಾವುದು ಅಂಟಿದೆ ಎಂಬುದನ್ನು ಸರಿಯಾಗಿ ಹೇಳಬೇಕಲ್ಲ. ಅತ್ತೆ ನನಗಿಂತ ಮೊದಲೇ ಹೇಳಿದರು.

"ಅಳಿಯ ಅಲ್ಲಮ್ಮ, ಮಗಳ ಗಂಡ."

ನರ್ಸು ಗಾದೆ ಕೇಳಿ ನಕ್ಕಳು. ಅತ್ತೆಯೂ ನಕ್ಕರು, ಆದರೆ ನನ್ನ ಕಡೆ ನೋಡಲಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಸ್ಪತ್ರೆಯಲ್ಲೂ ಫಾರ್ಮಲಿನ್ ಇರುತ್ತದೆ.

ಮನೆಗೆ ಬಂದ ಕೂಡಲೇ, "ಇಡಿ ಮೇಜಿನ ಮೇಲೆ" ಎಂದರು. ಇಟ್ಟೆ. ಅಂಗೈಯ ಗಾಯ ಅಂಕುಡೊಂಕಾಗಿದೆ, ಕಿರುಬೆರಳು ಇನ್ನೂ ಚೂರು ಎದ್ದಿದೆ. ಅತ್ತೆ ಚಮಚ ತಂದು ತೂರಿಸಲು ನೋಡಿದರು. ಹೋಗಲಿಲ್ಲ. ಇನ್ನೊಂದು ಕಡೆಯಿಂದ ಬಂದರು. ಹೋಗಲಿಲ್ಲ. ತಿರುಗಿಸಿ ಹಿಡಿಯ ಕಡೆಯಿಂದ ಮೆಲ್ಲಗೆ ನೂಕಿದರು, ಕಿರುಬೆರಳಿನ ಕೆಳಗೆ ಅದು ಒಂದಿಷ್ಟು ಹೋಯಿತು.

"ಮತ್ತೆ ಬರಬಹುದಂತೆ" ಎಂದೆ.

"ಬರ್ಲಿ. ಚಮಚ ಎಲ್ಲಿ ಹೋಗುತ್ತೆ?"

ಅದೇ ಚಮಚದಿಂದ ನನ್ನ ಟೀಗೆ ಸಕ್ಕರೆ ಹಾಕಿ ಕಲಕಿದರು. ಉಪ್ಪಿನ ಡಬ್ಬಿಯಿಂದ ಬಂದ ಚಮಚ, ಮೇಜು ಒರೆಸಿದ ಚಮಚ, ನನ್ನ ಗಾಯದ ಕೆಳಗೆ ಹೋಗಿ ಬಂದ ಚಮಚ. ತೊಳೆಯಲಿಲ್ಲ. ಟೀ ಸ್ವಲ್ಪ ಉಪ್ಪುಪ್ಪಾಗಿತ್ತು. ಎರಡು ಲೋಟ ಕುಡಿದೆ.